ಅರ್ಧ ಹಾಳೆಯ ಮೇಲಿನ ಮುಖ

ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕೆಂದು ಬರುವವರಲ್ಲಿ ಎಂಟು ಕಾಪಿ ಬೇಕಾದವರು ಬಹಳ ಕಡಿಮೆ. ಅರ್ಜಿಗೆ ಎರಡು, ಬ್ಯಾಂಕಿಗೆ ಒಂದು, ಮನೆಯಲ್ಲಿರಲಿ ಅಂತ ಇನ್ನೊಂದು. ನಾಲ್ಕಕ್ಕೆ ಮುಗಿಯಿತು. ಆದರೆ ನಾವು ಬಳಸುವ ಸಣ್ಣ ಫೋಟೋ ಹಾಳೆಯಲ್ಲಿ ಎಂಟು ಮುಖ ಹಿಡಿಯುತ್ತದೆ. ಮೇಲಿನ ಸಾಲಿನಲ್ಲಿ ನಾಲ್ಕು, ಕೆಳಗಿನ ಸಾಲಿನಲ್ಲಿ ನಾಲ್ಕು. ಚನ್ನಗಿರಿಯಲ್ಲಿ ಸ್ಟುಡಿಯೋ ಇಟ್ಟ ಮೊದಲ ವರ್ಷಗಳಲ್ಲಿ ನಾನು ಎಂಟನ್ನೂ ತೆಗೆದು, ನಾಲ್ಕಕ್ಕೆ ಮಾತ್ರ ದುಡ್ಡು ಇಸಿದುಕೊಂಡು, ಉಳಿದ ನಾಲ್ಕನ್ನೂ ಗಿರಾಕಿಯ ಮುಂದೆ ತಳ್ಳುತ್ತಿದ್ದೆ. ಕೆಲವರು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಬಹಳ ಜನ "ನನ್ನ ಮುಖ ಯಾರಿಗೆ ಬೇಕ್ರಿ, ನೀವೇ ಇಟ್ಕೊಳ್ರಿ" ಎಂದು ನಕ್ಕು ಹೋಗುತ್ತಿದ್ದರು.

ಹೀಗೆ ನಾನು ಇಟ್ಟುಕೊಂಡ ಮುಖಗಳು ಒಂದು ರಟ್ಟಿನ ಪೆಟ್ಟಿಗೆ ತುಂಬಿ ಎರಡನೆಯದಕ್ಕೆ ಬಂದವು. ಎಸೆಯುವ ಧೈರ್ಯ ನನಗಿರಲಿಲ್ಲ. ಹೊನ್ನಾಳಿಯಲ್ಲಿ ನನಗೆ ಈ ಕೆಲಸ ಕಲಿಸಿದ ಹಿರಿಯರು ಒಂದು ಮಾತು ಹೇಳುತ್ತಿದ್ದರು: "ಬಿಳೀ ಹಾಳೆ ಹಾಳಾದ್ರೆ ರೊಕ್ಕ ಹೋಗತೈತಪ್ಪ. ಮುಖ ಹರಿದ್ರೆ ನಿದ್ದೆ ಹೋಗತೈತೆ." ಅವರು ಅದನ್ನು ತಮಾಷೆಗೆ ಹೇಳಿದ್ದರೋ ಏನೋ. ನಾನು ತಮಾಷೆಯನ್ನು ತಮಾಷೆ ಎಂದು ತಿಳಿಯುವ ಪೈಕಿಯವನಲ್ಲ. ಅಂಗಡಿಯ ಶಟರ್ ಎಳೆದು, ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಜಗ್ಗಿ ನೋಡುವವನು ನಾನು. ಹಾಗೆ ಜಗ್ಗಿ ಜಗ್ಗಿ ಒಂದು ಸಲ ಬೀಗವೇ ಕೈಗೆ ಬಂದು, ಆ ದಿನ ಅಂಗಡಿಗೆ ನಾನೇ ಕಾವಲು ಕೂರಬೇಕಾಯಿತು.

ಆ ಪೆಟ್ಟಿಗೆಗಳಲ್ಲಿದ್ದವರಲ್ಲಿ ಕೆಲವರು ತೀರಿಕೊಂಡರು. ಮನೆಯವರು ದೊಡ್ಡ ಫೋಟೋ ಮಾಡಿಸಲು ಬಂದಾಗ ನನಗೆ ತಿಳಿಯುತ್ತಿತ್ತು. ಮೇಜಿನ ಕೆಳಗೆ ನನ್ನ ಕಾಲ ಹತ್ತಿರವೇ ಅವರ ನಾಲ್ಕು ಮುಖಗಳು ಇನ್ನೂ ಹೊಳೆಯುತ್ತಾ ಬಿದ್ದಿರುತ್ತಿದ್ದವು. ಊಟದ ಡಬ್ಬಿ ಬಿಚ್ಚುವಾಗ ನಾನು ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದೆ.

ಹಾಳೆ ಉಳಿಸುವ ಉಪಾಯ ನಾನು ಹುಡುಕಿದ್ದು ಜಿಪುಣತನದಿಂದ ಎಂದು ನನ್ನ ಹೆಂಡತಿ ಎಲ್ಲರಿಗೂ ಹೇಳುತ್ತಾಳೆ. ಅರ್ಧ ನಿಜ. ಉಳಿದರ್ಧ ಆ ಪೆಟ್ಟಿಗೆಯ ಭಯ. ಉಪಾಯ ಇಷ್ಟೇ: ನಾಲ್ಕು ಕಾಪಿ ಕೇಳಿದವರ ಮುಖ ಮೇಲಿನ ಸಾಲಿನಲ್ಲಿ ಮಾತ್ರ ಮೂಡಿಸುವುದು. ಕೆಳಗಿನ ಸಾಲು ಬಿಳಿಯಾಗಿಯೇ ಉಳಿಯುತ್ತದೆ. ಹಾಳೆಯನ್ನು ಕತ್ತರಿಸಬಾರದು, ಕತ್ತರಿಸಿದ ತುಂಡನ್ನು ಪ್ರಿಂಟರ್ ನುಂಗಿ ಉಗುಳುವುದಿಲ್ಲ. ಹಾಗೆಯೇ ಇಟ್ಟು, ಮುಂದಿನ ಗಿರಾಕಿ ಬಂದಾಗ ಆ ಹಾಳೆಯನ್ನೇ ಮೇಲೆ ಕೆಳಗಾಗಿ ತಿರುಗಿಸಿ ಹಾಕಿದರೆ ಖಾಲಿ ಸಾಲಿನ ಮೇಲೆ ಅವರ ಮುಖ ಬೀಳುತ್ತದೆ. ಆಮೇಲೆ ಕಟರ್‌ನಲ್ಲಿ ಬೇರೆ ಮಾಡಿದರಾಯಿತು. ಮೊದಲು ಬಂದವರು ಸ್ವಲ್ಪ ಕಾಯಬೇಕು, ಅಷ್ಟೇ. ತಿರುಗಿಸುವುದು ಮರೆಯಬಾರದೆಂದು ಹಾಳೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬಾಣದ ಗುರುತು ಹಾಕುತ್ತಿದ್ದೆ.

ಎಷ್ಟೋ ತಿಂಗಳು ಒಂದು ಹಾಳೆಯೂ ಹಾಳಾಗಲಿಲ್ಲ. ಪೆಟ್ಟಿಗೆಗೆ ಹೊಸ ಮುಖ ಸೇರಲಿಲ್ಲ. ನಾನು ಬುದ್ಧಿವಂತನೆಂದು ಒಳಗೊಳಗೇ ಹಿಗ್ಗಿದ್ದೆ.

ಹಿರಿಯರ ಹಬ್ಬಕ್ಕೆ ಇನ್ನೂ ಎರಡು ವಾರವಿತ್ತು. ಬೆಳಗ್ಗೆ ನಮ್ಮ ಬೀದಿಯ ಲೈನ್‌ಮನ್ ಬಂದ. ನಲವತ್ತರ ಆಸುಪಾಸು, ದಪ್ಪ ಮೀಸೆ. ಇಲಾಖೆಗೆ ಕೊಡಲು ನಾಲ್ಕು ಫೋಟೋ ಬೇಕಿತ್ತು. ತೆಗೆಸಿಕೊಂಡು, "ಸಂಜೆ ಬರ್ತೀನಿ, ಕಂಬ ಹತ್ತೋದೈತೆ" ಎಂದು ಹೋದ. ಅವನ ಮುಖ ಮೇಲಿನ ಸಾಲಿನಲ್ಲಿ ಮೂಡಿಸಿ, ಬೆನ್ನಿಗೆ ಬಾಣ ಬರೆದು, ಹಾಳೆಯನ್ನು ಮೇಜಿನ ಗಾಜಿನ ಮೇಲಿಟ್ಟೆ.

ಮಧ್ಯಾಹ್ನ ಒಬ್ಬ ಹೆಂಗಸು ಬಂದರು. ಐವತ್ತಕ್ಕೆ ಒಂದೆರಡು ಹೆಚ್ಚು ಕಡಿಮೆ. ಸೂಳೆಕೆರೆ ದಂಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಹೊಸ ಗುರುತಿನ ಚೀಟಿಗೆ ಫೋಟೋ ಬೇಕಂತೆ. ಅವರಿಗೂ ನಾಲ್ಕೇ. ಸ್ಟೂಲಿನ ಮೇಲೆ ಕೂರಿಸಿ, ಬೆಳಕು ಹಾಕಿ, ಕಂಪ್ಯೂಟರಿನಲ್ಲಿ ಅವರ ಕಣ್ಣನ್ನು ನನ್ನ ಅಳತೆಯ ಗೆರೆಗೆ ಕೂರಿಸಿದೆ. ನನ್ನಲ್ಲಿ ಬರುವ ಯಾರದೇ ಫೋಟೋದಲ್ಲಿ ಕಣ್ಣು ಅದೇ ಗೆರೆಯ ಮೇಲೆ ಬರಬೇಕು, ಅದೊಂದು ಹಟ.

ಲೈನ್‌ಮನ್ನನ ಹಾಳೆ ತೆಗೆದುಕೊಂಡು ತಿರುಗಿಸಿದೆ. ಪ್ರಿಂಟರಿಗೆ ಕೊಡುವ ಮುಂಚೆ ಅನುಮಾನ ಬಂತು, ತಿರುಗಿಸಿದೆನೋ ಇಲ್ಲವೋ. ಬಾಣ ನೋಡಿದೆ. ಬಾಣ ಎತ್ತ ಮುಖ ಮಾಡಿದ್ದರೆ ತಿರುಗಿಸಿದಂತೆ ಎಂಬುದೇ ಆ ಹೊತ್ತಿಗೆ ಗಲಿಬಿಲಿಯಾಯಿತು. ಯಾವುದಕ್ಕೂ ಇರಲಿ ಎಂದು ಮತ್ತೊಮ್ಮೆ ತಿರುಗಿಸಿದೆ. ಒಂದು ಸಲ ತಿರುಗಿಸಿದ್ದರೆ ಸರಿಯಿತ್ತು. ಜಾಗ್ರತೆಗೆಂದು ಎರಡು ಸಲ ತಿರುಗಿಸಿದ್ದರಿಂದ ಹಾಳೆ ಮೊದಲಿದ್ದಂತೆಯೇ ಹೋಯಿತು. ಆ ಹೆಂಗಸಿನ ಮುಖ ಲೈನ್‌ಮನ್ನನ ಮುಖದ ಮೇಲೆಯೇ ಬಿತ್ತು.

"ಥೂ" ಎಂದೆ.

"ಏನಾತ್ರೀ?" ಎಂದರು ಅವರು.

"ಏನಿಲ್ಲಮ್ಮ. ಒಂದರ ಮ್ಯಾಲೊಂದು ಬಿದ್ದೈತೆ. ಬ್ಯಾರೆ ಮಾಡಿಕೊಡ್ತೀನಿ."

"ತೋರಿಸ್ರಿ."

ನಾನು ಕೊಡಲಿಲ್ಲ. ಅವರೇ ಎದ್ದು ಬಂದು ಪ್ರಿಂಟರಿನ ಬಾಯಿಂದ ಹಾಳೆ ಎಳೆದುಕೊಂಡರು. ಅಡುಗೆ ಮಾಡುವವರ ಕೈ, ಬಿಸಿಯದೂ ಹಸಿಯದೂ ಹೆದರಿಕೆಯಿಲ್ಲ. ಒಂದು ಗಳಿಗೆ ನೋಡಿದರು. ಆಮೇಲೆ ಹಿಂದಕ್ಕೆ ಸರಿದು ಸ್ಟೂಲಿನ ಮೇಲೆ ಕೂತರು.

"ವಯಸ್ಸಾಗೈತಲ್ರಿ ಇವನಿಗೆ" ಎಂದರು.

"ಯಾರಿಗಮ್ಮ?"

"ನಮ್ಮ ತಮ್ಮಗೆ."

ಅವರ ಹೆಗಲ ಪಕ್ಕದಿಂದ ನಾನೂ ನೋಡಿದೆ. ಕಣ್ಣುಗಳು ಒಂದೇ ಗೆರೆಯ ಮೇಲಿದ್ದುದರಿಂದ ಎರಡು ಜೋಡಿ ಕಣ್ಣು ಒಂದೇ ಜೋಡಿಯಾಗಿದ್ದವು. ಬಿಸಿಲಿಗೆ ಕಂದಿದಂಥ ಬಣ್ಣ, ಅವರ ಕೆನ್ನೆ, ಲೈನ್‌ಮನ್ನನ ದವಡೆ, ಮೀಸೆ. ಹಣೆಯಲ್ಲಿ ಅವರ ಕುಂಕುಮ. ಕಿವಿಯಲ್ಲಿ ಅವರ ಓಲೆ. ಲೈನ್‌ಮನ್ ಅಲ್ಲ, ಅವರೂ ಅಲ್ಲ. ಯಾರೋ ಮೂರನೆಯವನೊಬ್ಬ ನನ್ನ ಅಂಗಡಿಯೊಳಗೆ ಬಂದು ನಾಲ್ಕು ಕಡೆಯಿಂದ ನನ್ನನ್ನು ನೋಡುತ್ತಿದ್ದ.

ಅವರ ತವರು ಜಗಳೂರು ತಾಲ್ಲೂಕಿನ ಸೊಕ್ಕೆ. ಆ ತಮ್ಮ ಇಪ್ಪತ್ತೆರಡರ ವಯಸ್ಸಿಗೆ ಜ್ವರ ಬಂದು ಮೂರು ದಿನದಲ್ಲಿ ಹೋದನಂತೆ. ಮದುವೆಯಿಲ್ಲ, ಮಕ್ಕಳಿಲ್ಲ, ಫೋಟೋ ಒಂದೂ ಇಲ್ಲ. ಶಾಲೆಯಲ್ಲಿ ಗುಂಪಿನ ಫೋಟೋ ತೆಗೆದ ದಿನ ಅವನು ತಪ್ಪಿಸಿಕೊಂಡು ಜೋಳದ ಹೊಲದಲ್ಲಿ ಕೂತಿದ್ದನಂತೆ. "ಕುಂಕುಮ ಅವನೂ ಹಚ್ಕೋತಿದ್ದ ಕಣ್ರಿ. ಕಿವ್ಯಾಗೆ ಒಂಟಿನೂ ಇತ್ತು. ಇದ್ದಿದ್ರೆ ಈಗ ಹಿಂಗೇ ಇರ್ತಿದ್ದ. ಹಿಂಗೇ."

ನಾನು ನೀರು ಕೊಟ್ಟೆ. ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಮಾತಾಡಿದರು. ತವರಿನಲ್ಲಿ ಈಗ ಬಾಗಿಲು ತೆಗೆಯುವವರಿಲ್ಲ. ತಮ್ಮನಿಗೆ ಎಡೆ ಇಡಲು ಇವರೊಬ್ಬರೇ. ಗಂಡನ ಮನೆಯಲ್ಲಿ ಹಿರಿಯರ ಹಬ್ಬದ ದಿನ ಆ ಮನೆಯ ಹಿರಿಯರ ಫೋಟೋಗಳ ಸಾಲಿಗೆ ಎಡೆಯಿಟ್ಟ ಮೇಲೆ, ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಒಂದು ಸಣ್ಣ ಎಡೆ ಇಡುತ್ತಾರೆ. ಅತ್ತೆ ಬೇಡವೆನ್ನುವುದಿಲ್ಲ. ಆದರೆ ಪ್ರತಿ ವರ್ಷ ಒಂದೇ ಮಾತು ಹೇಳುತ್ತಾರೆ: "ಮುಖ ಇಲ್ಲದೋರಿಗೆ ಇಟ್ಟ ಎಡೇನ ದಾರ್ಯಾಗೆ ಹೋಗೋವು ಉಂಡ್ಕೊಂಡು ಹೋಗ್ತವಮ್ಮ. ನಿನ್ನ ತಮ್ಮಗೆ ಎಲ್ಲಿ ಮುಟ್ಟತೈತೆ?"

"ಇಪ್ಪತ್ತು ವರ್ಷ ಆತ್ರೀ ನಾನು ಇಡಾಕೆ ಹತ್ತಿ. ಯಾರ್ಯಾರು ಉಂಡು ಹೋದ್ರೋ" ಎಂದರು. "ಇದೊಂದು ಕೊಡ್ರಿ ನನಗೆ."

ಎಂಥ ಪ್ರಿಂಟ್ ಕೆಟ್ಟರೂ ಗಿರಾಕಿಗೆ ದಾಟಿಸಲು ನೋಡುವವನು ನಾನು. ಕೆಟ್ಟದ್ದನ್ನೇ ಗಿರಾಕಿ ಕೈಚಾಚಿ ಕೇಳುತ್ತಿದ್ದಾಗ ನನ್ನ ಕೈ ಮುಂದೆ ಹೋಗಲಿಲ್ಲ. ಆ ಮುಖದಲ್ಲಿ ಬದುಕಿರುವವರು ಇಬ್ಬರಿದ್ದರು. ಬದುಕಿರುವವರ ಫೋಟೋಕ್ಕೆ ಹೂವಿನ ಹಾರವನ್ನೂ ಹಾಕದ ಸೀಮೆ ನಮ್ಮದು. ಎಡೆಯಿಟ್ಟರೆ?

"ಅಮ್ಮಾ, ಇದರಾಗೆ ನೀವೂ ಇದ್ದೀರಿ."

"ನಂದು ನಾನು ಒಪ್ಪೀನಿ. ಕೆಳಗಿರೋರು ಯಾರು?"

"ಒಬ್ಬರು. ಬದುಕಿದ್ದಾರೆ."

ಅವರು ಹಾಳೆಯನ್ನು ಗಾಜಿನ ಮೇಲಿಟ್ಟು, ನನ್ನ ಕಡೆಗೆ ಸರಿಸಿದರು. "ಹಂಗಾದ್ರೆ ಆ ಅಣ್ಣನ್ನ ಒಂದು ಮಾತು ಕೇಳ್ರಿ. ಅವರು ಹೂಂ ಅಂದ್ರೆ ಕೊಡ್ರಿ. ಕೇಳದೆ ಕೊಡಬ್ಯಾಡ್ರಿ. ಅಮಾಸಿ ಮುಂಚೆ ಬರ್ತೀನಿ."

ಹಾಳೆಯ ಕೆಳಗಿನ ಸಾಲು ಇನ್ನೂ ಬಿಳಿಯಿತ್ತು. ಈ ಸಲ ಒಂದೇ ಸಾರಿ ತಿರುಗಿಸಿ, ಅದರ ಮೇಲೆ ಅವರ ಸರಿಯಾದ ಮುಖ ಮೂಡಿಸಿ ಕತ್ತರಿಸಿ ಕೊಟ್ಟೆ. ಅಷ್ಟೆಲ್ಲ ಆದ ಮೇಲೂ ಅರ್ಧ ಹಾಳೆ ಉಳಿಯಿತಲ್ಲ ಎಂದು ಸಮಾಧಾನಪಟ್ಟುಕೊಂಡದ್ದು ನೆನಪಿದೆ. ಮನುಷ್ಯನ ಸಣ್ಣತನಕ್ಕೆ ಸಮಯ ಸಂದರ್ಭ ಇರುವುದಿಲ್ಲ.

ಸಂಜೆ ಲೈನ್‌ಮನ್ ಬಂದ. ಅವನಿಗೆ ಹೊಸ ಹಾಳೆಯಲ್ಲಿ ನಾಲ್ಕು ತೆಗೆದಿಟ್ಟಿದ್ದೆ. ಲಕೋಟೆಗೆ ಹಾಕುತ್ತಾ, ಬೇರೆ ಕಡೆ ನೋಡುತ್ತಾ ಕೇಳಿದೆ: "ಒಂದು ಮಾತು. ಬದುಕಿರೋರ ಫೋಟೋಕ್ಕೆ ಯಾರಾದ್ರೂ ಎಡೆ ಇಟ್ರೆ ಏನಾಗ್ತದೆ ಅಂತೀರಿ?"

"ಯಾರ್ದು?"

"ಯಾರದ್ದೋ. ಸುಮ್ಮನೆ."

"ಸುಮ್ಮನೆ ಯಾರೂ ಇಂಥದ್ದು ಕೇಳಲ್ಲ ಬಿಡ್ರಿ." ಅವನು ಲಕೋಟೆ ತೆಗೆದು ಫೋಟೋಗಳನ್ನು ಎಣಿಸಿದ. "ನೋಡ್ರಿ ಸ್ವಾಮಿ, ದಿನಾ ಕಂಬದ ಮ್ಯಾಲೆ ಇರೋನು ನಾನು. ಮನೆಯಾಕಿ ಬೆಳಿಗ್ಗೆ ಬಾಗಿಲಾಗೆ ನಿಂತು ನಾನು ತಿರುವು ದಾಟೋ ತನಕ ನೋಡ್ತಾಳೆ. ನನ್ನ ಮುಖಕ್ಕೇನಾದ್ರೂ ಯಾರಾದ್ರೂ ಎಡೆ ಇಟ್ರೆ, ಮೊದಲು ನಿಮ್ಮಂಗಡಿ ಕರೆಂಟ್ ಕಿತ್ತು ಆಮ್ಯಾಲೆ ಮಾತಾಡ್ತೀನಿ."

ನಕ್ಕ. ನಾನೂ ನಕ್ಕೆ. ಉತ್ತರ ಸಿಕ್ಕಿತ್ತು. ಬೇಡ ಎಂದರೆ ಬೇಡ.

ಮರುದಿನ ನಾನು ಮಾಡಿದ್ದನ್ನು ಯಾರಿಗೂ ಹೇಳಿಲ್ಲ. ಹೆಂಡತಿಗೆ ಗೊತ್ತು, ಏಕೆಂದರೆ ಸಿಕ್ಕಿಬಿದ್ದೆ. ಲೈನ್‌ಮನ್ನನ ಬದಲು ನನ್ನ ಮುಖ ಹಾಕಿದರೇನು ಎಂದು ಹೊಳೆಯಿತು. ನನ್ನ ಮುಖಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ನನಗೂ ಮೀಸೆ ಇದೆ, ಬಡಕಲು. ಕ್ಯಾಮೆರಾಕ್ಕೆ ಟೈಮರ್ ಹಾಕಿ ಸ್ಟೂಲಿನ ಮೇಲೆ ಕೂತು ನನ್ನ ಫೋಟೋ ತೆಗೆದುಕೊಂಡು, ಅದರ ಮೇಲೆ ಆ ಹೆಂಗಸಿನ ಮುಖ ಮೂಡಿಸಿದೆ. ಸರಿ ಬರಲಿಲ್ಲ. ಕಣ್ಣಿನ ಗೆರೆ ಒಂದು ಕೂದಲಿನಷ್ಟು ಇಳಿಸಿದೆ. ಬಣ್ಣ ತಿಳಿ ಮಾಡಿದೆ. ಮೊದಲು ಅವರನ್ನು ಹಾಕಿ ಆಮೇಲೆ ನನ್ನನ್ನು ಹಾಕಿದೆ. ಹಾಳೆಯ ಮೇಲೆ ಹಾಳೆ. ಅಂಚಿನಲ್ಲಿ ಉಳಿದ ಬಿಳಿ ಪಟ್ಟಿಯನ್ನೂ ಎಸೆಯದೆ ಬಣ್ಣದ ಪರೀಕ್ಷೆಗೆ ಎತ್ತಿಡುವವನು ಒಂದು ಇಡೀ ಪ್ಯಾಕೆಟ್ ಹಾಳೆಯನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಮೂರನೆಯವನು ಬರಲಿಲ್ಲ. ಪ್ರತಿ ಸಲ ಬಂದದ್ದು ನಾನೇ, ಕುಂಕುಮ ಇಟ್ಟುಕೊಂಡ ನಾನು.

ಹೆಂಡತಿ ಬುತ್ತಿ ತಂದಿದ್ದಳು. ಮೇಜಿನ ತುಂಬ ಹರಡಿದ್ದನ್ನು ನೋಡಿದಳು.

"ಇದೇನ್ರಿ, ಓಲೆ ಹಾಕ್ಕೊಂಡು ಕೂತೀರಿ?"

"ಪರೀಕ್ಷೆ."

"ಪಾಸಾಗಿಲ್ಲ ಬಿಡ್ರಿ" ಎಂದಳು. ಮೂಲದ ಆ ನಾಲ್ಕು ಮುಖಗಳ ಮೇಲೆ ಅವಳ ಕಣ್ಣು ಬಿತ್ತು. ನ್ಯಾಮತಿಯ ಹೆಂಗಸು, ಯಾವುದಕ್ಕೂ ಬೇಗ ಹೆದರುವವಳಲ್ಲ. ಒಂದನ್ನು ಎತ್ತಿ ನೋಡಿ ಮಗುಚಿ ಇಟ್ಟಳು. "ಇವರು ಯಾರು? ನಾನು ಒಳಗ ಬಂದಾಗಿಂದ ನೋಡ್ತಾ ಅದಾರೆ." ಆಮೇಲೆ ಬುತ್ತಿಯನ್ನು ಬೇರೆ ಬೆಂಚಿನ ಮೇಲೆ ಬಿಚ್ಚಿದಳು.

ಅಮಾವಾಸ್ಯೆಯ ಹಿಂದಿನ ದಿನ ಆ ಹೆಂಗಸು ಬಂದರು. ನಾನು ಮೊದಲು ನನ್ನ ಪ್ರಯತ್ನಗಳ ಕಟ್ಟನ್ನು ಮುಂದಿಟ್ಟೆ. ಅವರು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಒಂದೊಂದನ್ನೇ ಪಕ್ಕಕ್ಕೆ ಸರಿಸಿದರು.

"ಇವರು ಯಾರೂ ನಮ್ಮೋರಲ್ಲ" ಎಂದರು. "ಆ ಅಣ್ಣ ಏನಂದ್ರು?"

ಅವರ ಚೀಲದಲ್ಲಿ ಎಡೆಗೆ ಬೇಕಾದ ವೀಳ್ಯದೆಲೆ, ಬಾಳೆಹಣ್ಣು ಇದ್ದವು. ಎರಡು ಬಸ್ಸು ಬದಲಿಸಿ ಬಂದಿದ್ದರು. ನಾನು ನಿಜ ಹೇಳಬೇಕೆಂದೇ ಬಾಯಿ ತೆರೆದೆ.

"ಒಪ್ಪಿದ್ರು" ಎಂದೆ.

ಅವರು ಕೈ ಚಾಚಿದರು. ನಾಲ್ಕನ್ನೂ ಕೊಟ್ಟೆ. ಒಂದನ್ನು ಕಣ್ಣಿಗೊತ್ತಿಕೊಂಡು ರವಿಕೆಯೊಳಗಿನ ಸಣ್ಣ ಪರ್ಸಿಗೆ ಸೇರಿಸಿ, ಮೂರನ್ನು ವಾಪಸು ಇಟ್ಟರು. "ಇದ್ದಿದ್ದು ಒಬ್ಬನೇ ತಮ್ಮ. ಒಂದೇ ಸಾಕು" ಎಂದರು.

ಉಳಿದ ಮೂರನ್ನು ಏನು ಮಾಡುವುದು? ಪೆಟ್ಟಿಗೆಗೆ ಹಾಕಲು ಭಯ, ಹರಿಯಲು ಭಯ, ಸುಡುವ ಮಾತಂತೂ ಬೇಡ. ಮರುದಿನ ಮಧ್ಯಾಹ್ನ, ಎಲ್ಲರ ಮನೆಯಲ್ಲೂ ಎಡೆಯಿಡುವ ಹೊತ್ತಿಗೆ, ಸ್ಕೂಟರ್ ಹತ್ತಿ ಸೂಳೆಕೆರೆಗೆ ಹೋದೆ. ಏರಿಯ ಕೆಳಗೆ ಇಳಿದು ನೀರಿಗೆ ಬಿಟ್ಟೆ. ಫೋಟೋ ಹಾಳೆಗೆ ಪ್ಲಾಸ್ಟಿಕ್ಕಿನ ಲೇಪ ಇರುತ್ತದೆ, ಅದು ಮುಳುಗುವುದಿಲ್ಲ. ಇಪ್ಪತ್ತು ವರ್ಷ ಅದನ್ನೇ ಮಾರಿದವನಿಗೆ ಅದು ಆಗ ಗೊತ್ತಾಯಿತು. ಮೂರೂ ಮುಖಗಳು ಅಂಗಾತ ತೇಲಿದವು.

ಮೀನು ಹಿಡಿಯುವವನೊಬ್ಬ ದಡದಲ್ಲಿ ಬಲೆ ಬಿಡಿಸುತ್ತಿದ್ದ. "ಏನ್ರಿ ಬಿಟ್ರಿ?" ಎಂದ.

"ಹಾಳೆ."

"ಹಾಳೆ ಮುಳುಗಲ್ರೀ. ಕಲ್ಲು ಕಟ್ಟಬೇಕು."

ಮುಖಕ್ಕೆ ಕಲ್ಲು ಕಟ್ಟುವುದೇ? ನಾನು ನಿಂತೇ ಇದ್ದೆ. ಗಾಳಿ ಬೀಸಿದಾಗ ಅವು ದೂರ ಹೋದಂತೆ ಮಾಡಿ, ಅಲೆಯ ಜೊತೆ ಮತ್ತೆ ನನ್ನ ಕಾಲ ಹತ್ತಿರ ಬರುತ್ತಿದ್ದವು. ಕೊನೆಗೆ ಜೊಂಡಿನ ಕಡೆ ಸರಿದವು. ಹಿಂದಿರುಗಿ ನೋಡಬಾರದೆಂದುಕೊಂಡು ಎರಡು ಸಲ ನೋಡಿದೆ.

ಅಲ್ಲಿಂದ ಶುರುವಾಯಿತು ನನ್ನ ಕಾವಲು. ಮಾರನೆಯ ದಿನ ಬೆಳಗ್ಗೆಯಿಂದ ಲೈನ್‌ಮನ್ನನ ದಾರಿ ಕಾದೆ. ಹತ್ತು ಗಂಟೆಗೆ ಸೈಕಲ್ಲಿನ ಮೇಲೆ ಹಗ್ಗ ಸುತ್ತಿಕೊಂಡು ಹೋದ. ಕೈಯೆತ್ತಿದ. ನನಗೆ ಅವನನ್ನು ಕರೆದು ಚಹಾ ಕುಡಿಸುವಷ್ಟು ಸಂತೋಷವಾಯಿತು. ಕುಡಿಸಿದೆ ಕೂಡ.

ಮರುವರ್ಷದ ಹೊತ್ತಿಗೆ ಅವನಿಗೆ ನ್ಯಾಮತಿಗೆ ವರ್ಗವಾಗಿತ್ತು. ಹಬ್ಬದ ಮರುದಿನ ಅಲ್ಲೇ ಇರುವ ನನ್ನ ಅತ್ತೆಯನ್ನು ನೋಡಬೇಕೆಂದು ಹೆಂಡತಿಗೆ ಹೇಳಿದೆ. ಮದುವೆಯಾದ ಇಷ್ಟು ವರ್ಷದಲ್ಲಿ ನಾನಾಗಿ ಅತ್ತೆಮನೆಗೆ ಹೊರಟದ್ದು ಅದೇ ಮೊದಲು. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ನ್ಯಾಮತಿಯಲ್ಲಿ ವಿಚಾರಿಸಿಕೊಂಡು ಅವನ ಮನೆಗೆ ಹೋದರೆ, ಬಾಗಿಲಲ್ಲೇ ಕುರ್ಚಿಯ ಮೇಲೆ ಕೂತಿದ್ದ. ಎಡಗಾಲಿಗೆ ಪಟ್ಟಿ.

"ಏನಾಯ್ತು?" ಎಂದೆ.

"ಬಚ್ಚಲಾಗೆ ಜಾರಿದೆ. ಇಷ್ಟು ವರ್ಷ ಕಂಬ ಹತ್ತಿ ಇಳಿದೋನು ಸೋಪಿನ ಮ್ಯಾಲೆ ಬಿದ್ದೆ ಅಂತ ಊರೆಲ್ಲ ನಗಾಕೆ ಹತ್ತೈತೆ."

"ಯಾವಾಗ?"

"ನಿನ್ನೆ. ಮಧ್ಯಾಹ್ನ."

ನಾನು ಏನು ಮಾತಾಡಿದೆನೋ ತಿಳಿಯದು. ಅತ್ತೆ ಮನೆಗೆ ವಾಪಸು ಬಂದೆ. ಬಚ್ಚಲಲ್ಲಿ ಯಾರೂ ಜಾರಬಹುದು. ನಾನೇ ಎರಡು ಸಲ ಜಾರಿದ್ದೇನೆ, ನನಗೆ ಯಾರೂ ಎಡೆ ಇಟ್ಟಿರಲಿಲ್ಲ. ಹೀಗೆಲ್ಲ ವಾದ ಮಾಡಿಕೊಂಡೆ. ಆದರೆ ಕಣ್ಣು ಮುಚ್ಚಿದರೆ ಅಡುಗೆಮನೆಯ ಮೂಲೆ, ಎಲೆ, ಎಲೆಯ ಎದುರು ಆ ಮುಖ. ಅದರ ದವಡೆ ಇಲ್ಲಿ ನ್ಯಾಮತಿಯಲ್ಲಿ ನನ್ನ ಜೊತೆ ಮಾತಾಡುತ್ತಿತ್ತು.

ಮೂರನೆಯ ವರ್ಷ ಹೋಗಲು ಧೈರ್ಯವಾಗದೆ ಫೋನ್ ಮಾಡಿದೆ. ಎತ್ತಲಿಲ್ಲ. ಹನ್ನೊಂದಕ್ಕೆ, ಹನ್ನೊಂದೂಕಾಲಿಗೆ, ಹನ್ನೊಂದೂವರೆಗೆ. ಗಿರಾಕಿಯೊಬ್ಬರ ಒಂದು ಕಿವಿಯನ್ನು ಕಟರ್‌ನಲ್ಲಿ ಹಾರಿಸಿದೆ. ಒಂದು ಗಂಟೆಗೆ ಅವನೇ ಮಾಡಿದ.

"ಕಂಬದ ಮ್ಯಾಲಿದ್ದೆ, ಹೆಂಗೆ ಎತ್ತಲಿ? ಏನು ಅಷ್ಟೊಂದು ಅರ್ಜೆಂಟು?"

"ಏನಿಲ್ಲ. ಆರಾಮಾ ಅಂತ."

"ಅಲ್ರೀ, ವರ್ಷಾ ಹಬ್ಬದ ಮರುದಿನ ನಿಮಗೆ ನನ್ನ ಆರಾಮ ಬೇಕಾಗತೈತಲ್ಲ. ಉಳಿದ ದಿನ ನಾನು ಹೆಂಗಿದ್ರೂ ನಡೀತೈತಾ?"

ಅದಾಗಿ ಎರಡು ವಾರಕ್ಕೆ ಆ ಹೆಂಗಸು ಅಂಗಡಿಗೆ ಬಂದರು. ಕೂರಲಿಲ್ಲ. ಪರ್ಸಿನಿಂದ ಫೋಟೋ ತೆಗೆದು ಗಾಜಿನ ಮೇಲಿಟ್ಟರು. "ಇದು ಏನಾಗೈತೆ ನೋಡ್ರಿ."

ಗೋಡೆಯ ಮೇಲೆ ಕಿಟಕಿಯ ಬಿಸಿಲು ಬೀಳುವ ಕಡೆ ಇಟ್ಟಿದ್ದರಂತೆ. ನೋಡಿದ ಕೂಡಲೇ ನನಗೆ ತಿಳಿಯಿತು. ಆ ದಿನ ಬೆಳಗ್ಗೆ ಲೈನ್‌ಮನ್ನನ ಮುಖ ಬಿದ್ದದ್ದು ಅಗ್ಗದ ಇಂಕಿನಲ್ಲಿ. ಅದು ಮುಗಿದಿದ್ದರಿಂದ ಮಧ್ಯಾಹ್ನಕ್ಕೆ ಮುಂಚೆ ಬೇರೆ ಕಂಪನಿಯ ಒಳ್ಳೆಯ ಇಂಕು ತುಂಬಿದ್ದೆ. ಅಗ್ಗದ್ದು ಬಿಸಿಲಿಗೆ ಹಾರಿಹೋಗಿತ್ತು. ದವಡೆ ಇರಲಿಲ್ಲ. ಕಾಲರ್ ಇರಲಿಲ್ಲ. ಉಳಿದದ್ದು ಆ ಹೆಂಗಸಿನ ಮುಖ, ಎರಡು ವರ್ಷದ ಹಿಂದಿನದು. ತುಟಿಯ ಮೇಲೆ ಮೀಸೆಯಿದ್ದ ಕಡೆ ಒಂದು ನೆರಳು.

"ಇನ್ನೊಂದು ಮಾಡಿಕೊಡ್ರಿ" ಎಂದರು. "ಆ ಅಣ್ಣನ ಫೋಟೋ ನಿಮ್ಮ ಕಂಪ್ಯೂಟರಿನಾಗೆ ಇರತೈತಲ್ಲ."

ಇತ್ತು. ಎರಡು ಫೋಟೋಗಳೂ ಇದ್ದವು. ಬೇಕೆಂದೇ ಹಾಳೆ ತಿರುಗಿಸದೆ ಹಾಕಿದರೆ ಐದು ನಿಮಿಷದ ಕೆಲಸ. ನಾನು ಮೌಸ್ ಹಿಡಿದೆ. ಹಿಡಿದೇ ಕೂತೆ.

"ಅಮ್ಮಾ, ಅವರು ಒಪ್ಪಿರಲಿಲ್ಲ" ಎಂದೆ.

ಅವರು ಫೋಟೋವನ್ನು ಇನ್ನಷ್ಟು ನನ್ನ ಕಡೆಗೆ ಸರಿಸಿದರು.

"ಬ್ಯಾಡ ಅಂದಿದ್ರು. ನಾನು ಸುಳ್ಳು ಹೇಳಿದೆ."

"ಬ್ಯಾಡ ಅಂದಿದ್ರೂ ಕೊಟ್ರಿ."

"ಕೊಟ್ಟೆ."

"ಮೂರು ಹಬ್ಬ ನಾನು…" ಎಂದು ನಿಲ್ಲಿಸಿದರು. "ಹುಷಾರಿದಾರಾ ಅವರು?"

"ಹುಷಾರಿದಾರೆ. ಒಂದು ಸಲ ಕಾಲಿಗೆ ಪೆಟ್ಟಾಗಿತ್ತು."

"ಯಾವಾಗ?"

ಹೇಳಿದೆ. ಅವರು ಗಾಜಿನ ಮೇಲೆ ಅಂಗೈ ಊರಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಫೋನ್ ಹಚ್ಚಿಕೊಡ್ರಿ" ಎಂದರು.

ಹಚ್ಚಿದೆ. ದನಿ ಜೋರಾಗಿ ಕೇಳುವಂತೆ ಮೇಜಿನ ಮೇಲಿಟ್ಟೆ. ಲೈನ್‌ಮನ್ "ಇವತ್ತು ಯಾವ ಹಬ್ಬಾರೀ?" ಎಂದ.

"ಅಣ್ಣಾ, ನಾನು ಸೂಳೆಕೆರೆ ಕಡೆಯಾಕಿ. ನೀವು ನನ್ನ ನೋಡಿಲ್ಲ" ಎಂದು ಶುರುಮಾಡಿ ಆ ಹೆಂಗಸು ಎಲ್ಲವನ್ನೂ ಹೇಳಿದರು. ತಮ್ಮನನ್ನು, ಹಾಳೆಯನ್ನು, ಅತ್ತೆಯ ಮಾತನ್ನು. ನನ್ನ ಸುಳ್ಳನ್ನು ಮಾತ್ರ ಹೇಳಲಿಲ್ಲ. "ತಿಳಿಯದೆ ಆಗೋತು" ಎಂದರು. "ಮೂರು ಹಬ್ಬದಿಂದ ನಮ್ಮನ್ಯಾಗೆ ನಿಮ್ಮ ಮುಖಕ್ಕೆ ಎಡೆ ಬಿದ್ದೈತಣ್ಣಾ. ತಪ್ಪಾಗೈತೆ."

ಆ ಕಡೆ ದೂರದಲ್ಲೆಲ್ಲೋ ಬಸ್ಸು ಹಾರನ್ ಹೊಡೆಯಿತು. ನಾನು ಅಂಗಡಿಯ ಮೀಟರ್ ಬೋರ್ಡಿನ ಕಡೆ ನೋಡುತ್ತಿದ್ದೆ.

"ಏನೇನು ಮಾಡಿದ್ರಮ್ಮ ಅಡುಗೆ?" ಎಂದ ಕೊನೆಗೆ.

"ಕರಿಗಡುಬು. ಬದನೇಕಾಯಿ ಪಲ್ಯ. ಅವನಿಗೆ ಅಂತ ಮೆಣಸಿನಕಾಯಿ ಬಜ್ಜಿ."

"ಹೂಂ. ನಮ್ಮನ್ಯಾಕಿಗೆ ಇದು ಗೊತ್ತಾಗಬಾರದು. ನಿಮ್ಮ ತಮ್ಮಗೆ ಒಳ್ಳೇದಾಗಲಿ. ಆದ್ರೆ ಇನ್ನ ಮುಂದೆ ಬ್ಯಾಡಮ್ಮ. ನನಗೆ ಇಬ್ಬರು ಮಕ್ಕಳದಾರೆ."

"ಇಲ್ಲಣ್ಣಾ. ಇನ್ನ ಇಲ್ಲ."

ನನ್ನ ಹೆಸರು ಎರಡು ಕಡೆಯೂ ಬರಲಿಲ್ಲ. ನಾನು ಕಂಪ್ಯೂಟರಿನಲ್ಲಿದ್ದ ಅವನ ಫೋಟೋ ಅವರ ಕಣ್ಣೆದುರೇ ಅಳಿಸಿದೆ.

ಅವರು ಗಾಜಿನ ಮೇಲಿದ್ದ ಮಾಸಿದ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಸೆಯಲು ಹೇಳುತ್ತಾರೆಂದು ನಾನು ಕೈ ಒಡ್ಡಿದೆ.

"ಇರ್ಲಿ" ಎಂದರು. "ಆ ಅಣ್ಣ ತಾವಾಗೇ ಎದ್ದು ಹೋಗ್ಯಾರೆ. ಈಗ ಇದರಾಗೆ ಇರೋದು ನಾನು, ನನ್ನ ತಮ್ಮ. ಇಬ್ಬರೇ."

ನಾನೂ ಬಾಗಿ ನೋಡಿದೆ. ನನಗೆ ಅವರೊಬ್ಬರೇ ಕಂಡರು, ಮತ್ತು ತುಟಿಯ ಮೇಲಿನ ಆ ನೆರಳು. ಅವರು ಇನ್ನು ಮುಂದೆ ತಮ್ಮದೇ ಮುಖಕ್ಕೆ ಎಡೆ ಇಡುತ್ತಾರೆ ಎಂದು ಹೇಳಬೇಕೆನಿಸಿತು. ಅವರಿಗೆ ಅದು ತಿಳಿಯದ್ದೇನಲ್ಲ. "ನಂದು ನಾನು ಒಪ್ಪೀನಿ" ಎಂದು ಮೊದಲ ದಿನವೇ ಹೇಳಿದ್ದವರು.

"ಹಿಂಗೇ ಬಿಟ್ರೆ ಇದೂ ಮಾಸ್ತದಮ್ಮ" ಎಂದೆ. "ಲ್ಯಾಮಿನೇಷನ್ ಮಾಡಿಕೊಡ್ಲಾ? ದುಡ್ಡೇನೂ ಬ್ಯಾಡ."

ಅವರು ಫೋಟೋವನ್ನು ಸೆರಗಿನ ತುದಿಯಲ್ಲಿ ಒರೆಸಿದರು.

"ಬ್ಯಾಡ್ರಿ" ಎಂದರು. "ಉಸಿರು ಕಟ್ಟತೈತೆ ಅವನಿಗೆ."